ಜೀನ್‌ಗಳ ಕಸುಬು ಬರೆದಿಡುವ ‘ಪಟ್ಟಿ ಅಕ್ಕ’

ಬೆಳಗಿನ ಐದೂವರೆ. ಬಸ್ ಚಾಲಕರಾದ ಗಂಡ ಮೊದಲ ಪಾಳಿಗೆ ಹೊರಟ ಮೇಲೆ ಆಕೆ ಅಡುಗೆಮನೆಯ ಮೇಜು ಒರೆಸಿ, ಲ್ಯಾಪ್‌ಟಾಪ್ ಇಟ್ಟು ಕೂರುತ್ತಾರೆ. ಕಣ್ಣಿಗೆ ಎರಡೆರಡು ಹನಿ ಔಷಧ ಬಿಟ್ಟುಕೊಂಡು, ನೋಯುವ ಕುತ್ತಿಗೆಯನ್ನು ಆಚೀಚೆ ತಿರುಗಿಸುತ್ತಾರೆ. ಪರದೆಯ ಮೇಲೆ ಇಪ್ಪತ್ತೆರಡು ಪುಟಗಳ ಸಂಶೋಧನಾ ಲೇಖನ. ಎಂದೋ ತಾವೇ ಓದಿ ಮುಗಿಸಿದ್ದು. ಈಗ ಮತ್ತೆ ಮೊದಲಿನಿಂದ.

ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇವರು ‘ಪಟ್ಟಿ ಅಕ್ಕ’. ಮನುಷ್ಯನ ಸುಮಾರು ಇಪ್ಪತ್ತು ಸಾವಿರ ಜೀನ್‌ಗಳಲ್ಲಿ ಯಾವುದು ಜೀವಕೋಶದ ಯಾವ ಮೂಲೆಯಲ್ಲಿ ಏನು ಮಾಡುತ್ತದೆ ಎಂದು ಲೇಖನಗಳಿಂದ ಹೆಕ್ಕಿ, ವರ್ಗೀಕರಿಸಿ, ಎಲ್ಲರಿಗೂ ತೆರೆದಿಟ್ಟ ಒಂದು ದೊಡ್ಡ ಪಟ್ಟಿಗೆ ಸೇರಿಸುವುದು ಇವರ ಕೆಲಸ. ವೈದ್ಯರು, ಸಂಶೋಧಕರು ದಿನವೂ ಅದನ್ನು ನೋಡುತ್ತಾರೆ.

“ಒಂದು ಜೀನ್ ಸಾಮಾನು ಸಾಗಿಸುತ್ತೆ, ಇನ್ನೊಂದು ರಿಪೇರಿ ಮಾಡುತ್ತೆ, ಮತ್ತೊಂದು ಕಸ ತೆಗೆಯುತ್ತೆ. ಕೆಲವು ಎರಡೆರಡು ಕಡೆ ದುಡಿಯುತ್ವೆ, ನಮ್ಮ ಹಾಗೆ. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತಲೇ ಬರೀಬೇಕು. ಅದೇ ಕಷ್ಟ” ಎನ್ನುತ್ತಾರೆ.

ದಿನಕ್ಕೆ ಎರಡು ಲೇಖನ. ಹದಿನೆಂಟು ವರ್ಷ. ಒಂಬತ್ತು ಸಾವಿರ ದಾಖಲೆ ದಾಟಿದೆ. ಲೇಖನ ಬರೆದವರ ಹೆಸರು ಪಟ್ಟಿಯಲ್ಲಿರುತ್ತದೆ, ಇವರದ್ದಿಲ್ಲ. “ಸೊಸೆ ಏನ್ ಕೆಲಸ ಮಾಡ್ತಾಳೆ ಅಂತ ನೆಂಟರು ಕೇಳಿದ್ರೆ ಟೈಪಿಂಗ್ ಅಂದ್ಬಿಡ್ತೀನಿ. ನಿಜ ವಿವರಿಸೋಕೆ ಹೋದ್ರೆ ಅವರ ಕಾಫಿ ಆರಿ ಹೋಗುತ್ತೆ” ಎಂದು ಅತ್ತೆ ನಗುತ್ತಾರೆ.

ಎರಡು ವರ್ಷದ ಹಿಂದೆ ಅಪರಿಚಿತ ವೈದ್ಯೆಯೊಬ್ಬರ ಪತ್ರ ಆಫೀಸಿಗೆ ಬಂತು. ಏಳು ವರ್ಷದ ಹುಡುಗಿ. ನಡೆಯುತ್ತಿದ್ದವಳು ಮೆಟ್ಟಿಲು ಹತ್ತಲಾರದಂತಾಗಿದ್ದಾಳೆ. ಅವಳ ಒಂದು ಜೀನ್‌ನಲ್ಲಿ ಬದಲಾವಣೆ ಕಂಡಿದೆ. ಆದರೆ ಅದರ ಕೆಲಸ ಲಿವರ್‌ನಲ್ಲಿ ಎಂದು ಪಟ್ಟಿ ಹೇಳುವುದರಿಂದ ಪರೀಕ್ಷೆ ಮಾಡಿದವರು ಅದನ್ನು ಬದಿಗಿಟ್ಟಿದ್ದಾರೆ. ‘ಈ ದಾಖಲೆ ಸರಿಯೇ?’

ಆ ದಾಖಲೆ ಬರೆದವರು ಇವರೇ. ಮೂರು ದಿನ ಮೂಲ ಲೇಖನವನ್ನು ಜಾಲಾಡಿದರು. ಎರಡು ಜೀನ್‌ಗಳಿಗೆ ಒಂದೇ ಅಡ್ಡಹೆಸರು. ಲೇಖನದಲ್ಲಿದ್ದದ್ದು ಅಡ್ಡಹೆಸರು ಮಾತ್ರ. ಲಿವರ್‌ನಲ್ಲಿ ದುಡಿಯುವ ಜೀನ್‌ನ ಕೆಲಸವನ್ನು ಇವರು ಇನ್ನೊಂದರ ಹೆಸರಿಗೆ ಹಚ್ಚಿದ್ದರು.

“ಹನ್ನೊಂದು ವರ್ಷ ಆ ತಪ್ಪು ಅಲ್ಲೇ ಕೂತಿತ್ತು ಕಣ್ರೀ” ಎಂದು ಗಂಡನ ಮುಂದೆ ಅತ್ತರಂತೆ.

“ತಪ್ಪು ದಾರಿಗೆ ಬಸ್ ತಿರುಗಿಸಿದ್ರೆ ಅಲ್ಲೇ ಬಿಟ್ಟು ಬರ್ತೀನೇನೇ? ಹಿಂದಕ್ಕೆ ತರ್ತೀನಿ. ನೀನೂ ತಾ” ಎಂದರಂತೆ ಅವರು.

ತಿದ್ದಿದರು. ಕ್ಷಮೆಯ ಪತ್ರಕ್ಕೆ ಸಹಿ ಹಾಕಲು ಹೊರಟಾಗ ಮುಖ್ಯಸ್ಥರು ತಡೆದರು: “ನಿಮ್ಮ ಹೆಸರು ಯಾಕಮ್ಮ? ತಂಡ ಅಂತ ಹಾಕಿ ಸಾಕು.”

“ಸರ್, ಓದಿದ್ದು ತಂಡ ಅಲ್ಲ, ನಾನು” ಎಂದು ತಮ್ಮ ಹೆಸರನ್ನೇ ಬರೆದರು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಕಾರಣ ಇದೇ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹೊಸ ಪರೀಕ್ಷೆಗಳು ನಡೆದು, ನಾಲ್ಕು ತಿಂಗಳ ಬಳಿಕ ವೈದ್ಯೆ ಮತ್ತೆ ಬರೆದರು. ಹುಡುಗಿಯ ಕಾಯಿಲೆಗೆ ಹೆಸರು ಸಿಕ್ಕಿದೆ. ಔಷಧ ಇನ್ನೂ ಇಲ್ಲ. ‘ಇನ್ನು ಪರೀಕ್ಷೆ ಅಂತ ಮಗಳಿಗೆ ಸೂಜಿ ಚುಚ್ಚಿಸೋದು ತಪ್ಪಿತಲ್ಲ’ ಎಂದಳಂತೆ ತಾಯಿ. ಇದನ್ನು ಹೇಳುವಾಗ ಪಟ್ಟಿ ಅಕ್ಕನ ದನಿ ಇಳಿಯುತ್ತದೆ. “ಸಂತೋಷ ಪಡಬೇಕೋ ಬೇಡವೋ ಅಂತ ಈಗಲೂ ತಿಳಿಯಲ್ಲ.”

ಅಂದಿನಿಂದ ಈ ಮುಂಜಾವಿನ ದುಡಿಮೆ. ಬರೀ ಅಡ್ಡಹೆಸರು ನಂಬಿ ಬರೆದ ತಮ್ಮ ಆರುನೂರ ನಲವತ್ತು ದಾಖಲೆಗಳನ್ನು ಒಂದೊಂದಾಗಿ ಮತ್ತೆ ನೋಡುತ್ತಿದ್ದಾರೆ. ಇನ್ನೂರ ಹನ್ನೆರಡು ಮುಗಿದಿವೆ. ಇನ್ನೂ ಒಂಬತ್ತು ತಪ್ಪು ಸಿಕ್ಕಿವೆ. ಯಾರೂ ಹೇಳಿದ ಕೆಲಸವಲ್ಲ, ಹಾಜರಿಯಲ್ಲೂ ಬರುವುದಿಲ್ಲ.

ಏಳೂವರೆಗೆ ಅತ್ತೆ ಎದ್ದು ಬರುತ್ತಾರೆ. ಮೇಜು ತೆರವು ಮಾಡಬೇಕು. ಏಳುವ ಮುನ್ನ, ಮುಂದೇನು ಆಸೆ ಎಂದು ಕೇಳುತ್ತೇನೆ. ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ.

“ನಾನು ಬರೆದಿದ್ದನ್ನ ಯಾರಾದ್ರೂ ಅನುಮಾನದಿಂದ ಓದ್ಲಿ. ತಪ್ಪಿದ್ರೆ ಬೇಗ ಹೇಳ್ಲಿ. ಬೈದ್ರೂ ಪರ್ವಾಗಿಲ್ಲ, ಇನ್ನೊಂದು ತಪ್ಪು ಹನ್ನೊಂದು ವರ್ಷ ಸುಮ್ನೆ ಕೂತಿರೋದು ಬೇಡ.”