ಒಂದೇ ದಿನಕ್ಕೆ ಸುತ್ತಿಟ್ಟ ಚಾಪೆ

ಮೊನ್ನೆ ಅಟ್ಟ ಗುಡಿಸುವಾಗ ಹಳೇ ಈಚಲು ಚಾಪೆ ಸಿಕ್ಕಿತು. ಮುಟ್ಟಾದಾಗ ಮೂರು ದಿನ ಹೊರಗೆ ಕೂರಲು ನಾನು ಹಾಸಿಕೊಳ್ಳುತ್ತಿದ್ದದ್ದು. ಧೂಳು ಕೊಡವುತ್ತಿದ್ದಂತೆ ಪಕ್ಕದ ಮನೆಯ ಅಕ್ಕ ನೆನಪಾದರು...

ತೊಂಬತ್ತರ ದಶಕದ ಕೊನೆ. ಪಾಳ್ಯದ ಹತ್ತಿರ ನಮ್ಮ ಎರಡು ಮನೆಗೂ ಒಂದೇ ಬೇಲಿ. ಅಕ್ಕನಿಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಸದಾ ಕಿಬ್ಬೊಟ್ಟೆ ನೋವು, ಸಂಜೆಯಾದರೆ ಮೈ ಬೆಚ್ಚಗೆ, ರವಿಕೆಗಳೆಲ್ಲ ಸಡಿಲ. ಅವರ ಮುಟ್ಟಿನ ಚಾಪೆ ಮಾತ್ರ ಒಂದೇ ದಿನಕ್ಕೆ ಸುತ್ತಿ ಮೂಲೆ ಸೇರುತ್ತಿತ್ತು. ಅವರತ್ತೆಗೆ ಅದೇ ದೊಡ್ಡ ಹೆಮ್ಮೆ. ಕಾಫಿ ಕೊಯ್ಲಿನಲ್ಲಿ ನನ್ನನ್ನು ಕಂಡರೆ ಸಾಕು, "ನಮ್ ಸೊಸೆ ನೋಡು, ಒಂದೇ ದಿನಕ್ಕೆ ತಲೆಗೆ ನೀರು ಹುಯ್ಕಂಡು ಕೆಲ್ಸಕ್ಕೆ ಬತ್ತಳೆ. ನೀನು ಮೂರ್ ದಿನ ಮಾರಾಣಿ ಕುಂತಂಗೆ ಕುಂತ್ಕತೀಯ" ಎನ್ನುತ್ತಿದ್ದರು.

ಸಕಲೇಶಪುರದಲ್ಲಿ ಡಾಕ್ಟರಿಗೆ ತೋರಿಸಲು ಹೋದರೂ ಅತ್ತೆ ಜೊತೆಗೇ. "ಮುಟ್ಟು ಸರಿಯಾಗಿ ಆಗುತ್ತಾ?" ಎಂದು ಅಕ್ಕನನ್ನು ಕೇಳಿದರೆ, "ಎಲ್ಲಾ ಸರಿಯಾಗೈತೆ ಡಾಕ್ಟ್ರೇ" ಎಂದು ಉತ್ತರ ಕೊಡುವುದು ಅತ್ತೆ. ಆ ಡಾಕ್ಟರಾದರೂ ಅಕ್ಕನ ಮುಖ ನೋಡಿ ಇನ್ನೊಮ್ಮೆ ಕೇಳಬಾರದೇ? ಗ್ಯಾಸಿನ ಮಾತ್ರೆ ಬರೆದು ಕಳಿಸುವರು. ನಾಲ್ಕು ವರ್ಷ ಇದೇ ಕತೆ...

ಒಂದು ಸಲ ಅತ್ತೆಯ ಕಾಲು ಉಳುಕಿತು. ಆ ಸಲ ಹಾಸನದ ಲೇಡಿ ಡಾಕ್ಟರೊಬ್ಬರ ಹತ್ತಿರ ಅಕ್ಕನ ಜೊತೆ ನಾನು ಹೋದೆ. "ಮುಟ್ಟು ಎಷ್ಟು ದಿನ ಹೋಗುತ್ತೆ?" ಎಂದು ಅವರು ಕೇಳಿದಾಗ ಅಕ್ಕ ನನ್ನ ಮುಖ ನೋಡಿದರು. ಉತ್ತರ ಕೊಟ್ಟು ಅಭ್ಯಾಸವೇ ಇರಲಿಲ್ಲ.

"ನೀವೇ ಹೇಳಿ ಅಕ್ಕ" ಎಂದೆ.

"ಒಂದಿನ. ಅದೂ ಬರೀ ಕಲೆ ಆದಂಗೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಸಂಜೆ ಜ್ವರದ ಬಗ್ಗೆ ಕೇಳಿದರು, ತೂಕ ನೋಡಿದರು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದದ್ದು ಟಿ.ಬಿ.

"ಕೆಮ್ಮಿಲ್ಲ, ದಮ್ಮಿಲ್ಲ, ಅದೆಂಥ ಟೀಬಿ ಕಣೇ?" ಎಂದು ಅತ್ತೆ ಕೂತಲ್ಲಿಂದಲೇ ಜಗಳಕ್ಕೆ ಬಂದರು. ಗರ್ಭಕೋಶಕ್ಕೂ ಬರುತ್ತದಂತೆ, ಮುಟ್ಟು ಒಂದೇ ದಿನಕ್ಕೆ ನಿಲ್ಲುತ್ತಿದ್ದದ್ದೂ ಅದರಿಂದಲೇ ಅಂತೆ ಎಂದು ಅವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಜ್ವರ ಬಿಟ್ಟಿತು, ನೋವು ಹೋಯಿತು, ರವಿಕೆ ಮತ್ತೆ ಮೈಗೆ ಬಿಗಿಯಾಯಿತು. ಆದರೆ ಗರ್ಭನಾಳಗಳು ಆಗಲೇ ಮುಚ್ಚಿಹೋಗಿದ್ದವು. ಮಗು ಆಗಲೇ ಇಲ್ಲ.

ಈಗ ಅತ್ತೆಯೂ ಇಲ್ಲ, ಅಕ್ಕನೂ ಇಲ್ಲ. ಅತ್ತೆಯನ್ನು ಬೈದುಕೊಂಡು ಸುಮ್ಮನಾಗೋಣವೆಂದರೆ, ಬೇಲಿಯಾಚೆಯಿಂದ ತಿಂಗಳು ತಿಂಗಳೂ ಆ ಚಾಪೆ ನೋಡಿದವಳು ನಾನು. ನೋಡಿ, ಎಂಥ ಪುಣ್ಯವಂತೆ ಎಂದು ಹೊಟ್ಟೆಕಿಚ್ಚು ಪಟ್ಟವಳು...

ನನ್ನ ಚಾಪೆಯನ್ನು ಬಚ್ಚಲೊಲೆಗೆ ತುರುಕಿದೆ. ಥಂಡಿ ಹಿಡಿದಿತ್ತೇನೋ, ಬೇಗ ಹತ್ತಲಿಲ್ಲ.