ಹಿಮ ಹೊತ್ತು ಹೋಗುವ ಖಾಲಿ ಕುರ್ಚಿ

ಪುಟ ತಿರುಗಿಸಬೇಡಿ. ಒಂದು ಖಾಲಿ ಕುರ್ಚಿಯ ವಿಷಯ ಹೇಳಬೇಕಿದೆ, ಪೂರ್ತಿ ಕೇಳಿಬಿಡಿ.

ಬೆಳಗಿನ ಆರೂವರೆ. ತೋಚಿಹಿರಾ ಗುಡ್ಡದ ಬುಡದಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಹಿಮದ ಮೇಲೆ ಜಾರಲು ಬಂದವರನ್ನು ಗುಡ್ಡ ಹತ್ತಿಸುವ, ತಂತಿಗೆ ನೇತುಬಿದ್ದ ಲಿಫ್ಟಿನ ಕುರ್ಚಿಗಳು ರಾತ್ರಿ ಬಿದ್ದ ಹಿಮ ಹೊತ್ತು ಒಂದೊಂದಾಗಿ ಬರುತ್ತಿವೆ. ಅರವತ್ತಾರರ ಕಿನುಯೊ ಬಿದಿರು ಪೊರಕೆಯಿಂದ ಒಂದೊಂದಕ್ಕೂ ಒಂದೇ ಏಟು ಕೊಡುತ್ತಾರೆ. ಕುರ್ಚಿ ಚೊಕ್ಕಟ.

"ಅರವತ್ತೆರಡು ಕುರ್ಚಿ, ಹದಿಮೂರು ಸೆಕೆಂಡಿಗೊಂದು. ಹಿಮ ಬೀಳೋ ದಿನ ಎರಡು ಸಾವಿರ ಸಲ ಗುಡಿಸ್ತೀನಿ. ಮನೇಲಿ ಒಂದ್ಸಲ ಗುಡಿಸು ಅಂದ್ರೆ ಮಾತ್ರ ಸಿಟ್ಟು ಬರುತ್ತೆ!"

ಬೇಸಿಗೆಯಲ್ಲಿ ಸೌತೆಕಾಯಿ ಬೆಳೆಯುವ ಇವರು ಚಳಿಗಾಲ ಬಂದರೆ ಇಲ್ಲಿ. ಇಪ್ಪತ್ತಾರು ಚಳಿಗಾಲದ ಗುಡಿಸಾಟಕ್ಕೆ ಬಲಗೈ ಮಣಿಕಟ್ಟು ಊದಿಕೊಂಡೇ ಇದೆ. ಆದರೆ ಇಷ್ಟು ಚೊಕ್ಕಟದ ಕಿನುಯೊ ಆಗಾಗ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಗುಡಿಸಿದ ಕುರ್ಚಿಯ ಮೇಲೆ ತಾವೇ ಒಂದು ಸಲಿಕೆ ಹಿಮ ಎಸೆದು, ಯಾರನ್ನೂ ಕೂರಿಸದೆ ಮೇಲಕ್ಕೆ ಕಳಿಸುತ್ತಾರೆ. ಯಾಕೆ? ಎರಡು ದಿನ ನಿಂತು ನೋಡಿದರೂ ನನ್ನ ತಲೆಗೆ ಹೋಗಲಿಲ್ಲ. ಮೂರನೇ ದಿನ ಹೊಳೆಯಿತು: ಹಿಮದ ಕುರ್ಚಿಯ ಬೆನ್ನಿಗೇ ಬರುವವರು ಯಾವಾಗಲೂ ಸ್ನೋಬೋರ್ಡ್ ಎಂಬ ಜಾರುಹಲಗೆಯನ್ನು ಈಗಷ್ಟೇ ಕಲಿಯುತ್ತಿರುವವರು.

ಕಲಿಯುವವರ ಕಷ್ಟ ಶುರುವಾಗುವುದೇ ಲಿಫ್ಟಿನಿಂದ. ಒಂದು ಕಾಲು ಹಲಗೆಗೆ ಬಿಗಿದಿರುತ್ತದೆ, ಇನ್ನೊಂದು ಬಿಡಿಯಾಗಿರುತ್ತದೆ. ಮೇಲೆ ತಲುಪಿದಾಗ ಕುರ್ಚಿ ನಿಲ್ಲುವುದಿಲ್ಲ. ಚಲಿಸುತ್ತಿರುವಾಗಲೇ ಎದ್ದು, ಹಾಗೇ ಜಾರಿಕೊಂಡು ಪಕ್ಕಕ್ಕೆ ಹೋಗಬೇಕು. ಅಲ್ಲಿ ಬೀಳದವರೇ ಇಲ್ಲ. ಮೇಲಿನ ಗುಡಿಸಲಲ್ಲಿ ಲಿಫ್ಟ್ ನೋಡಿಕೊಳ್ಳುವ ಎಪ್ಪತ್ತರ ತೊಕುಜಿ ಇದ್ದಾರೆ. ಹಿಮದ ಕುರ್ಚಿ ಕಂಡ ಕೂಡಲೇ ಅವರು ಲಿಫ್ಟಿನ ವೇಗ ಇಳಿಸುತ್ತಾರೆ. ಅಷ್ಟೇ ಗುಟ್ಟು!

ಮೇಲಕ್ಕೆ ಹೇಳೋಕೆ ಫೋನ್ ಇದೆಯಲ್ಲ ಅಂದರೆ, "ಕೈಗವಸು ಬಿಚ್ಚೋದ್ರೊಳಗೆ ಎರಡು ಕುರ್ಚಿ ಹೋಗಿರುತ್ತೆ" ಅನ್ನುತ್ತಾರೆ ಕಿನುಯೊ. "ಮೊದ್ಲು ಮೈಕಲ್ಲಿ ಕೂಗ್ತಿದ್ದೆ, 'ಹೊಸಬ್ರು ಬರ್ತಿದ್ದಾರೆ, ನಿಧಾನ' ಅಂತ. ಸಾಲಲ್ಲಿರೋರೆಲ್ಲ ತಿರುಗಿ ನೋಡೋರು. ಒಬ್ರು, ಬ್ಯಾಂಕಲ್ಲಿ ದೊಡ್ಡ ಕೆಲಸದೋರು, ಅಲ್ಲೇ ಹಲಗೆ ಬಿಚ್ಚಿ ಮನೆಗೆ ಹೋದ್ರು. ಮತ್ತೆ ಬರ್ಲೇ ಇಲ್ಲ. ಬೀಳೋದೇನು ನಾಚಿಕೆ ಅಲ್ಲಪ್ಪ. ಬೀಳೋಕ್ ಮುಂಚೆನೇ ಊರಿಗೆಲ್ಲ ಸಾರಿದ್ರೆ?"

ಹನ್ನೊಂದು ವರ್ಷ ಹೀಗೇ ನಡೆಯಿತು. ಈ ಸಲ ಯಾರೋ ಹಿಮದ ಕುರ್ಚಿಯ ಫೋಟೊ ತೆಗೆದು, 'ಸೋಮಾರಿ ಅಜ್ಜಿ' ಅಂತ ಬರೆದು ಇಂಟರ್ನೆಟ್ಟಿಗೆ ಹಾಕಿದರು. ಊರೆಲ್ಲ ನೋಡಿತು. ಲಿಫ್ಟಿನ ಮ್ಯಾನೇಜರ್ ಸಕಾಕಿ, ಮೂವತ್ತನಾಲ್ಕರ ಹುಡುಗ, ಓಡಿ ಬಂದ.

"ಕಿನುಯೊ-ಸಾನ್, ಇನ್ನೊಂದು ಕುರ್ಚಿ ಮೇಲೆ ಹಿಮ ಕಂಡ್ರೆ ಮುಂದಿನ ಚಳಿಗಾಲಕ್ಕೆ ನಿಮ್ಮನ್ನ ಕರೆಯೋಕಾಗಲ್ಲ."

ಕಿನುಯೊ ಅವನಿಗೆ ಕಾರಣ ಹೇಳಲಿಲ್ಲ. ಆಮೇಲೆ ನನಗಂದರು, "ಹೇಳಿದ್ರೆ ನಾಳೆನೇ 'ಹೊಸಬರು' ಅಂತ ಬಾವುಟ ಹೊಲಿಸ್ಕೊಂಡು ಬರ್ತಾನೆ. ಒಳ್ಳೆ ಹುಡ್ಗನೇ, ಆದ್ರೆ ಅವನಿಗೆ ಎಲ್ಲಕ್ಕೂ ಬಾವುಟ ಬೇಕು."

ಹಿಮ ಕಳಿಸದ ಮೊದಲ ದಿನವೇ ಮೇಲೆ ಬಿದ್ದವರು ಮಿನೆಕೊ. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ವಯಸ್ಸು ಐವತ್ತೊಂದು. ಮರುದಿನ ಊದಿದ ಮಂಡಿಯಲ್ಲೇ ಮತ್ತೆ ಬಂದಿದ್ದಾರೆ. ಅದೇ ಹೊತ್ತಿಗೆ ಸಕಾಕಿಯೂ ತಪಾಸಣೆಗೆ ಬಂದು ಪಕ್ಕದಲ್ಲೇ ನಿಂತಿದ್ದಾನೆ.

"ಇವತ್ತೂ ಬಿದ್ರೆ ಈ ಹಲಗೆ ಮಾರ್ಬಿಡ್ತೀನಿ ಕಿನುಯೊ-ಸಾನ್."

"ಮಾರೋದಾದ್ರೆ ನಂಗೇ ಕೊಡಿ. ಗಾಳಿಗೆ ಬಡ್ಕೊಳ್ಳೋ ಬಾಗ್ಲಿಗೆ ಅಡ್ಡ ಇಡ್ತೀನಿ."

ಕುರ್ಚಿ ಬರುತ್ತದೆ. ಕಿನುಯೊ ಒಂದು ಚೂರೂ ಉಳಿಯದಂತೆ ಗುಡಿಸುತ್ತಾರೆ. ಮಿನೆಕೊರನ್ನು ಒಂದು ಕೈಯಲ್ಲಿ ತಡೆದು, ಆ ಕುರ್ಚಿಯನ್ನು ಖಾಲಿ ಬಿಡುತ್ತಾರೆ. ಖಾಲಿ ಅಂದೆನೇ? ಅದರ ಮೇಲೆ ಪೊರಕೆ ಮಲಗಿದೆ!

"ಪೊರಕೆ! ಪೊರಕೆ ಹೋಯ್ತು!" ಸಕಾಕಿ ಕೂಗುತ್ತಾನೆ.

"ಅಯ್ಯೋ, ಮರೆತೆ ನೋಡು. ವಯಸ್ಸಾಯ್ತು."

ಮಿನೆಕೊ ಅದರ ಬೆನ್ನಿಗೇ ಬಂದ ಕುರ್ಚಿ ಏರುತ್ತಾರೆ. ಕಿನುಯೊ ಉಳಿದ ಕುರ್ಚಿಗಳನ್ನು ಕೋಟಿನ ತೋಳಿನಿಂದ ಒರೆಸತೊಡಗುತ್ತಾರೆ. ಏಳೆಂಟು ನಿಮಿಷಕ್ಕೆ ಫೋನ್ ಬಡಿದುಕೊಳ್ಳುತ್ತದೆ. ಎತ್ತಿದ್ದು ಸಕಾಕಿ. ತೊಕುಜಿಯ ಗಂಟಲು ಸಾಲಿನ ಕೊನೆಯವರಿಗೂ ಕೇಳುತ್ತದೆ.

"ಏ ಕಿನು-ಚಾನ್, ಹಿಮದ ಬದ್ಲು ಪೊರಕೆನೇ ಕಳ್ಸಿದ್ಯಾ? ಅರ್ಥ ಆಯ್ತು ಬಿಡು, ನಿಧಾನ ಮಾಡ್ದೆ. ನಿನ್ನೆ ಬಿದ್ದೋರು ಇವತ್ತು ನಿಂತ್ಕೊಂಡೇ ಇಳಿದ್ರು!"

ಸಕಾಕಿ ಫೋನ್ ಇಟ್ಟ. ಆಮೇಲೆ ಕೇಳಿದ್ದು ಒಂದೇ ಮಾತು, "ಎಷ್ಟು ವರ್ಷದಿಂದ?"

"ಹನ್ನೊಂದು" ಅಂದರು ಕಿನುಯೊ, ತೋಳು ಕೊಡವಿಕೊಳ್ಳುತ್ತಾ.

ನಿಮಗೇನು ಬೇಕು ಅಂತ ಅವರನ್ನು ಕೇಳಿದೆ. ತುಂಬಾ ಹೊತ್ತೇನೂ ಯೋಚಿಸಲಿಲ್ಲ.

"ಇನ್ನೊಂದು ಪೊರಕೆ. ಒಂದು ಮೇಲೆ ಹೋದಾಗ ಗುಡಿಸೋಕೆ ಬೇಕಲ್ಲ."

ಮುಂದಿನ ಚಳಿಗಾಲಕ್ಕೆ ಕರೆಯುವವರ ಪಟ್ಟಿ ಶನಿವಾರ ಹೊರಬೀಳುತ್ತದೆ. ಆ ಪೊರಕೆಯನ್ನು ಕಣ್ಣಾರೆ ನೋಡಿದವನು ಸಕಾಕಿ, ಪಟ್ಟಿ ಬರೆಯುವವನೂ ಅವನೇ. ಪೆನ್ನು ನಿಮ್ಮ ಕೈಯಲ್ಲಿದ್ದಿದ್ದರೆ, ನೀವೇನು ಮಾಡುತ್ತಿದ್ದಿರಿ?