ಮಂಡಕ್ಕಿಯ ಮೇಲೆ ಹಪ್ಪಳ

ಪರ್ವತಗಳು ಮನುಷ್ಯನಿಗೆ ವಿನಯ ಕಲಿಸುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಹವಾಲ್ದಾರ ಕೊಟ್ರಪ್ಪನವರಿಗೆ ಅವು ಕಲಿಸಿದ್ದು ಕೋಲಿನಿಂದ ನೆಲ ಕುಟ್ಟುವುದನ್ನು ಮಾತ್ರ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಮುಂದೆ, ಕಾದು ಮೆತ್ತಗಾದ ಡಾಂಬರಿನ ಮೇಲೂ ಅವರು ಮೊದಲು ಕೋಲೂರಿ, ಎರಡು ಸಲ ಕುಟ್ಟಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ಚಹಾದಂಗಡಿ ಇಪ್ಪತ್ತು ಮಾರು ದೂರ. ಅವರು ಬಂದು ಮುಟ್ಟುವಷ್ಟರಲ್ಲಿ ನನ್ನ ಎರಡನೇ ಚಹಾ ಮುಗಿದಿರುತ್ತಿತ್ತು.

ಸೈನ್ಯದಲ್ಲಿ ಅವರ ಕೆಲಸ, ಚಳಿಗಾಲದ ಕೊನೆಗೆ ಎಲ್ಲರಿಗಿಂತ ಮುಂದೆ ಹೋಗಿ ಹಿಮದ ದಾರಿ ನೋಡುವುದು. ಹಗ್ಗ ಕಟ್ಟಿ, ಬಾವುಟ ನೆಟ್ಟು, 'ರೂಟ್ ಓಪನ್' ಅಥವಾ 'ರೂಟ್ ಬಂದ್' ಎಂದು ವರದಿ ಕೊಟ್ಟು ಕೆಳಗಿಳಿಯುವುದು. ಹಿಂದೆ ಬಂದವರು ಶಿಖರ ಹತ್ತಿ ಫೋಟೋ ತೆಗೆಸಿಕೊಳ್ಳುವರು. ಹೀಗೆ ಇಪ್ಪತ್ತೆರಡು ವರ್ಷ ಅಡಿಯಿಂದಲೇ ಶಿಖರಗಳ ಸೇವೆ ಮಾಡಿ ನಿವೃತ್ತರಾದರು.

ಹಿಮಕ್ಕೆ ಅವರದೇ ಹೆಸರುಗಳಿದ್ದವು. ಗಟ್ಟಿಯಾಗಿ ಕೂತದ್ದು ರೊಟ್ಟಿ. ಬಿಸಿಲಿಗೆ ನೀರೊಡೆದದ್ದು ಅಂಬಲಿ. ಗಾಳಿ ಬಡಿದು ಬಿರುಸಾದ ಮೇಲ್ಪದರ ಹಪ್ಪಳ. ಮುಷ್ಟಿ ಕಟ್ಟಿದರೆ ಉಂಡೆಯಾಗದೆ ಉದುರುವುದು ಮಂಡಕ್ಕಿ.

"ಅಂಬ್ಲಿಯೊಳಗ ಬೂಟು ತೊಯ್ತಾವ, ಅಷ್ಟ. ಮಂಡಕ್ಕಿ ಮ್ಯಾಲ ಹಪ್ಪಳ ಕುಂತಿತ್ತಂದ್ರ, ಅಡ್ಡಕ್ಕ ಅಡ್ಡ ಜಾರಿ ಮಂದೀನ ಹೊತ್ಕೊಂಡು ಹೋಗ್ತೈತ್ರಿ," ಎನ್ನುವರು.

ಅರವತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಒಂದಾದರೂ ತುದಿಯ ಮೇಲೆ ನಿಲ್ಲಬೇಕೆನಿಸಿತು. "ಮೊಣಕಾಲು ಇದೊಂದು ವರ್ಷ ನಡಿತಾವ ಅಂದಾರ ಡಾಕ್ಟ್ರು," ಎಂದರು. ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು, ಬಟ್ಟೆ ಅಂಗಡಿಯ ಮಂಜಣ್ಣ, ಇಬ್ಬರೂ ಬೆನ್ನು ಹತ್ತಿದೆವು. ಶಿವರಾತ್ರಿ ಕಳೆದ ವಾರ, ಮೂರು ರೈಲು ಬದಲಿಸಿ, ಉತ್ತರದ ಒಂದು ಸಾಧಾರಣ ಪರ್ವತದ ಬುಡ ಸೇರಿದೆವು. ಸಾಧಾರಣ ಎಂಬ ಮಾತನ್ನು ನಾನು ಮೊದಲ ದಿನವೇ ಹಿಂತೆಗೆದುಕೊಂಡೆ.

ಮೂರು ದಿನ ಹತ್ತಿದೆವು. ನಾಲ್ಕನೇ ಬೆಳಿಗ್ಗೆ ಉಳಿದದ್ದು ಒಂದೇ ಇಳಿಜಾರು. ಅದರಾಚೆ ತುದಿ, ಕೂಗಿದರೆ ಓಗೊಡುವಷ್ಟು ಹತ್ತಿರ. ಕೊಟ್ರಪ್ಪನವರು ಕುಟ್ಟಿದರು. ಸದ್ದು ಪೊಳ್ಳಾಗಿತ್ತು. ಮೇಲಿನ ಪದರ ಒಡೆದು, ಕೈ ತೂರಿಸಿ, ಒಂದು ಮುಷ್ಟಿ ಹಿಮ ತೆಗೆದು ಬಿಗಿಹಿಡಿದರು. ಬಿಟ್ಟಾಗ ಬೆರಳ ಸಂದಿಯಿಂದ ಪೂರಾ ಸುರಿದುಹೋಯಿತು.

"ಮಂಡಕ್ಕಿ," ಎಂದರು. "ಇಳೀರಿ."

ಮಂಜಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಮಂಡಕ್ಕಿ ಸಲುವಾಗಿ ಇಲ್ಲೀತನ ಬರ್ಬೇಕಿತ್ತೇನ್ರಿ? ಕೊಟ್ಟೂರಿಗೆ ಹೋಗಿದ್ರ ಆಗ್ತಿರ್ಲಿಲ್ಲೇನು?"

"ಅಲ್ಲಿ ಮಿರ್ಚಿನೂ ಸಿಗ್ತಿತ್ತು. ಇಳಿಯೋ ಮಾರಾಯ."

"ಹವಾಲ್ದಾರ್ರ, ಇದು ನಿಮ್ಮ ಆಸೆರೀ. ಮತ್ತ ಬರಾಕ ಆಗ್ತೈತೇನು ನಿಮಗ?"

ಅವರು ತುದಿಯ ಕಡೆ ಒಮ್ಮೆ ನೋಡಿದರು. "ಆಗಂಗಿಲ್ಲ," ಎಂದರು. "ಆದ್ರ ಇಂಥಾ ಹಿಮಕ್ಕ ಮಂದಿಗೆಲ್ಲ ಬಂದ್ ಅಂತ ಹೇಳೀನಿ. ನನಗ ಅಂತ ಓಪನ್ ಅನ್ಲೇನು?"

ಇಳಿದೆವು. ಹತ್ತುವಾಗ ಇಲ್ಲದ ದಣಿವು ಇಳಿಯುವಾಗ ಬಂತು.

ಮರುದಿನ ಮಧ್ಯಾಹ್ನ ಬೇರೆ ಊರಿನ ನಾಲ್ವರು ಅದೇ ಇಳಿಜಾರು ಹತ್ತಿ, ತುದಿ ಮುಟ್ಟಿ, ಹಾಡುತ್ತ ನಮ್ಮ ಡೇರೆಗೆ ಬಂದರು. ಮಂಜಣ್ಣ ತುದಿಯ ಕಡೆ ಬೆನ್ನು ಹಾಕಿ ಕೂತ. ಬೈದಿದ್ದರೆ ವಾಸಿಯಿತ್ತು. ಕೊಟ್ರಪ್ಪನವರು ಅವರಿಗೆ ಚಹಾ ಕೊಟ್ಟು, ಹಿಮ ಹೇಗಿತ್ತೆಂದು ಹಿಂದಿಯಲ್ಲಿ ವಿಚಾರಿಸಿದರು. ಬಹಳ ಚೆನ್ನಾಗಿತ್ತಂತೆ.

"ಪುಣ್ಯವಂತ್ರು," ಎಂದು ನಮ್ಮ ಕಡೆ ತಿರುಗಿದರು. "ಜಾರ್ಲಿಲ್ಲ ಅಂದ್ರ ಗಟ್ಟಿ ಇತ್ತು ಅಂತ ಅರ್ಥ ಅಲ್ಲ."

ಊರಿಗೆ ಬಂದ ಮೇಲೆ ಮೊಣಕಾಲು ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಿತು. ಕೊನೆಯ ಸಲ ನೋಡಹೋದಾಗ ಅವರು ಪಡಸಾಲೆಯ ಮಂಚದ ಮೇಲಿದ್ದರು. ಕೇಳಬಾರದ್ದನ್ನು ಕೇಳಿದೆ: "ಅವತ್ತು ಹತ್ತಬೇಕಿತ್ತು ಅನ್ನಿಸ್ತೈತೇನ್ರಿ?"

ಮಂಚಕ್ಕೆ ಒರಗಿಸಿದ್ದ ಕೋಲು ತೆಗೆದು ನೆಲವನ್ನು ಎರಡು ಸಲ ಕುಟ್ಟಿದರು. "ಬ್ಯಾಸ್ರ ಐತಿ," ಎಂದರು. "ತಪ್ಪಾಗಿಲ್ಲ."

ಹೋದ ಮಾರ್ಚಿನಲ್ಲಿ ಅವರು ತೀರಿಕೊಂಡರು. ಆ ತುದಿಯನ್ನು ಹತ್ತಿರಲಿಲ್ಲ.